ಕೌದಿಯ ಹೊಟ್ಟೆ ತುಂಬುವ ಹೊತ್ತಿಗೆ ಒಂದು ಲೆನ್ಸು

ನನ್ನ ಹತ್ತಿರ ಎರಡು ಲೆನ್ಸುಗಳಿದ್ದವು. ಎರಡರಲ್ಲಿ ಒಂದಕ್ಕೂ ನನ್ನ ಅಕ್ಕನ ಮುಖ ಒಗ್ಗುತ್ತಿರಲಿಲ್ಲ.

ಒಂದು ವೈಡ್ ಆ್ಯಂಗಲ್. ರಾಯಚೂರಿನ ಕೋಟೆ ಬಾಗಿಲು, ಗಂಜ್ ಮಾರುಕಟ್ಟೆಯಲ್ಲಿ ಸುರಿದ ಹತ್ತಿ, ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮು, ಏನು ತೋರಿಸಿದರೂ ಒಂದೇ ಗುಟುಕಿಗೆ ನುಂಗಿಬಿಡುತ್ತದೆ. ಇನ್ನೊಂದು ಟೆಲಿ. ಚೀಕಲಪರ್ವಿಯ ಹೊಳೆದಂಡೆಯಲ್ಲಿ ಕೂತು ನಡು ನೀರಿನ ಬಂಡೆಯ ಮೇಲಿರುವ ಹಕ್ಕಿಯ ಕಣ್ಣಂಚಿನ ಹಳದಿ ಉಂಗುರವನ್ನೂ ಅದರಲ್ಲಿ ತೆಗೆಯಬಹುದು. ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆದಮೇಲೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ ಈ ಕ್ಯಾಮೆರಾ. ಮೊದಲ ಕೆಲವು ವರ್ಷ ಕೋಟೆ, ಹೊಳೆ, ಹಕ್ಕಿ ಅಂತ ತಿರುಗಿದೆ. ಐ ವಾಸ್ ಪರ್ಫೆಕ್ಟ್ಲಿ ಹ್ಯಾಪಿ. ಮನುಷ್ಯರನ್ನು ತೆಗೆಯಬೇಕೆಂದು ಮನಸ್ಸಾದಾಗಲೇ ತಿಳಿದದ್ದು, ನನ್ನ ಸಾಮಾನಿನಲ್ಲಿ ಒಂದು ದೊಡ್ಡ ತೂತಿದೆ ಅಂತ. ಅಗಲದ್ದಿದೆ, ದೂರದ್ದಿದೆ. ಎದುರಿಗೆ ಕೂತು ಮಾತಾಡುವ ಅಳತೆಯದು ಇಲ್ಲ.

ಅಕ್ಕ ಇರುವುದು ದೇವದುರ್ಗದಲ್ಲಿ. ನನಗಿಂತ ಬಹಳ ದೊಡ್ಡಾಕೆ. ಒಮ್ಮೆ ಆಕೆ ರೊಟ್ಟಿ ಬಡಿಯುವಾಗ ವೈಡ್ ಲೆನ್ಸು ಹಿಡಿದು ಒಲೆಯ ಹತ್ತಿರ ಹೋಗಿ ತೆಗೆದೆ. ಹತ್ತಿರ ಹೋದಷ್ಟೂ ಆ ಲೆನ್ಸು ಮುಂದಿದ್ದದ್ದನ್ನು ಉಬ್ಬಿಸುತ್ತದೆ. ಅಕ್ಕ ಫೋಟೋ ನೋಡಿ, "ಇದೇನ ಬೇ, ಮೂಗಿನ ಜಾಗದಾಗ ಬದನಿಕಾಯಿ ಇಟ್ಟೀಯಲ್ಲ. ಹಿಂದ ಯಾರೋ ಒಬ್ಬಾಕಿ ಮುದುಕಿ ಕುಂತಾಳ ನೋಡು," ಅಂದಳು. ಇನ್ನೊಮ್ಮೆ ಟೆಲಿ ತಗೊಂಡು ಹೋದೆ. ಅದಕ್ಕೆ ಹತ್ತಿರದ್ದು ಕಾಣುವುದೇ ಇಲ್ಲ. ಹಿಂದೆ ಸರಿದು, ಹೊಸ್ತಿಲು ದಾಟಿ, ಓಣಿ ದಾಟಿ, ಎದುರು ಮನೆಯ ಬಚ್ಚಲ ಕಾಲುವೆ ಹತ್ತಿರ ನಿಂತರೆ ಅಕ್ಕನ ಮುಖ ಫ್ರೇಮಿನಲ್ಲಿ ಕೂಡುತ್ತದೆ. ಅಲ್ಲಿಂದ ನಾನು, "ಅಕ್ಕಾ, ಜರಾ ಬಲಕ್ಕ ನೋಡು," ಅಂತ ಒದರುವುದು, ಆಕೆ, "ಆಂ? ಏನಂತಿ?" ಅಂತ ಕಿವಿಗೆ ಕೈ ಹಚ್ಚುವುದು, ನಡುವೆ ಟ್ರ್ಯಾಕ್ಟರ್ ಬಂದು ನಿಲ್ಲುವುದು. ಟ್ರ್ಯಾಕ್ಟರಿನ ಫೋಟೋ ಮಾತ್ರ ಬಹಳ ಚಂದ ಬಂತು.

ಅಲ್ಲಿಯತನಕ ಇದು ನಗೆಯ ಮಾತಾಗಿತ್ತು. ಆಮೇಲೆ ಅಕ್ಕನನ್ನು ರಾಯಚೂರಿಗೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿನ ಪೊರೆ ಆಗಿದ್ದರೆ ತೆಗೆಯಬಹುದಿತ್ತು, ಹಿಂದಿನ ನರವೇ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಈ ಹನಿ ಹಾಕಿರಿ ಅಂದರು ಆ ಡಾಕ್ಟರಮ್ಮ. ಅಕ್ಕ ಆಟೋದಲ್ಲಿ ಕೂತ ಮೇಲೆ ಹೇಳಿದಳು, "ಒಂದು ಕೌದಿ ಅರ್ಧ ಆಗೇದ. ಅದನ್ನ ಮುಗಸ್ತೀನಿ. ಆಮ್ಯಾಲ ಸೂಜಿ ಮುಟ್ಟಂಗಿಲ್ಲ."

ಅಕ್ಕನ ಕೌದಿ ಅಂದರೆ ನಮ್ಮ ಪೈಕಿಯಲ್ಲಿ ಗೊತ್ತಿಲ್ಲದವರಿಲ್ಲ. ಹಳೆ ಸೀರೆ, ಧೋತರ, ಕುಬುಸದ ತುಂಡುಗಳನ್ನು ಪದರ ಪದರ ಹಾಸಿ ಆಕೆ ಹಾಕುವ ಹೊಲಿಗೆ ಇರುವೆ ಸಾಲಿನಂತೆ ಇರುತ್ತದೆ. ಮನೆಯಲ್ಲಿ ಹುಟ್ಟಿದ ಯಾವ ಕೂಸೂ ಅಂಗಡಿಯ ಬ್ಲ್ಯಾಂಕೆಟ್ಟಿನಲ್ಲಿ ಮಲಗಿಲ್ಲ. ಕೌದಿ ಮುಗಿಯುವಾಗ ಒಂದು ಪದ್ಧತಿ ಇದೆ. ಕೊನೆಯ ಮೂಲೆಯನ್ನು ಹೊಲಿಯದೆ ತೆರೆದಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಅರಿಷಿಣ ಕೊಂಬು ಇಟ್ಟು ಮೇಲೆ ಕೊನೆಯ ತುಂಡು ಹಚ್ಚಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಇದಕ್ಕೆ. ಹಸಿದ ಕೌದಿ ಹೊದ್ದರೆ ಮಲಗಿದವರಿಗೂ ಹಸಿವೇ ಅಂತ ನಮ್ಮವ್ವ ಹೇಳುತ್ತಿದ್ದಳು.

ಆ ಗಳಿಗೆಯ ಒಂದು ಫೋಟೋ ನನಗೆ ಬೇಕಾಗಿತ್ತು. ಅಕ್ಕನ ಮುಖ, ಅಕ್ಕನ ಕೈ, ಸೂಜಿ, ತೆರೆದ ಮೂಲೆ. ಒಂದೇ ಫೋಟೋ, ಇನ್ನೇನೂ ಅಲ್ಲ. ನಾನು ಕಾನ್ವೆಂಟಿಗೆ ಹೋದವಳು, ನಮ್ಮ ಓಣಿಯಿಂದ ಹೋದಾಕೆ ನಾನೊಬ್ಬಳೇ. ಅಪ್ಪ ರೈಲ್ವೆ ಗ್ಯಾಂಗಿನಲ್ಲಿದ್ದ, ಅವ್ವ ಮತ್ತು ಅಕ್ಕ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ. ಪ್ರತಿ ವರ್ಷ ಸಿಸ್ಟರ್ಸ್ ಕ್ಲಾಸ್ ಫೋಟೋ ತೆಗೆಸುತ್ತಿದ್ದರು, ಬಿಳಿ ಸಾಕ್ಸು, ಎರಡು ಜಡೆ, "ಚಿನ್ಸ್ ಅಪ್, ಗರ್ಲ್ಸ್." ಅಂಥ ನನ್ನ ಫೋಟೋಗಳು ಟ್ರಂಕಿನಲ್ಲಿ ಎಷ್ಟೋ ಇವೆ. ಅಕ್ಕನದು ಅಂತ ಇರುವುದು ಮದುವೆಯ ಒಂದು ಗುಂಪು ಫೋಟೋ, ಅದರಲ್ಲಿ ಆಕೆಯ ಮುಖದ ಮೇಲೆ ಹೂವಿನ ದಂಡೆ ಇಳಿದಿದೆ. ಉಳಿದವು ಆಧಾರ್ ಕಾರ್ಡಿನ ತರದವು. ಅವುಗಳ ಬಗ್ಗೆ ಮಾತಾಡುವುದು ಬೇಡ.

ಹೀಗಾಗಿ ನಡುವಿನ ಲೆನ್ಸು ಹುಡುಕಲು ಹೊರಟೆ. ಹಬ್ಬಕ್ಕೆ ಸೀರೆ ಆರಿಸಿದಷ್ಟೇ ಸುಲಭ ಅಂದುಕೊಂಡಿದ್ದೆ. ಸೀರೆಯವರಾದರೂ ಮಡಿಕೆ ಬಿಚ್ಚಿ ತೋರಿಸುತ್ತಾರೆ.

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಗೆ ಹೋದೆ. ಅಂಗಡಿಯವ ನನ್ನ ಬಿಳಿ ಕೂದಲು, ಕೈಯಲ್ಲಿನ ಕೊಡೆ ಎರಡನ್ನೂ ನೋಡಿದ.

"ಬರ್ರಿ ಅಮ್ಮಾರ. ಮೊಮ್ಮಗಗೇನ್ರಿ?"

"ನನಗೆ."

"ನಿಮಗಾ?" ಅಂತ ಒಳಗಿನ ತನ್ನ ತಮ್ಮನ ಕಡೆ ಒಂದು ಸಲ ನೋಡಿದ. "ಒಂದು ಮಾತು ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಲೆನ್ಸಿನ ಗದ್ದಲ ನಿಮಗ್ಯಾಕ? ಈಗಿನ ಮೊಬೈಲ್‌ನ್ಯಾಗ ಮುಖ ತಾನ ಸಾಫ್ ಮಾಡಿ ಕೊಡ್ತದ. ಸುಕ್ಕು ಗಿಕ್ಕು ಒಂದೂ ಇರಂಗಿಲ್ಲ."

"ನನಗೆ ಸುಕ್ಕು ಬೇಕು."

"ಆಂ?"

"ಐ ವಾಂಟ್ ದಿ ರಿಂಕಲ್ಸ್," ಅಂದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷೇ ಮೊದಲು ಬರುವುದು.

ಅವನ ಹತ್ತಿರ ಇದ್ದದ್ದು ಫಿಫ್ಟಿ ಅಂತಾರಲ್ಲ, ಆ ಪುಟ್ಟ ಲೆನ್ಸು ಒಂದೇ. ಜೂಮ್ ಇಲ್ಲ, ಹಗುರ, ಕತ್ತಲ ಕೋಣೆಯಲ್ಲೂ ಚೆನ್ನಾಗಿ ಬರುತ್ತದೆ, ಎಲ್ಲರೂ ಹೊಗಳುವಂಥದ್ದು. ನನಗೂ ಅದರ ಮೇಲೆ ಆಸೆ ಇತ್ತು. ಕ್ಯಾಮೆರಾಗೆ ಹಾಕಿ ನೋಡಿದೆ. ಅಂಗಡಿಯವನ ಮುಖ ಮುಖದ ಹಾಗೇ ಕಂಡಿತು, ನನಗೆ ಕೂಗಿಬಿಡುವಷ್ಟು ಖುಷಿಯಾಯಿತು. ಆದರೆ ಅಕ್ಕನ ಕೋಣೆ ನೆನಪಿಗೆ ಬಂತು. ಕೌದಿ ಹಾಸಿದರೆ ಅಲ್ಲಿ ಉಳಿಯುವುದು ಒಂದು ಕಾಲಿಡುವ ಜಾಗ, ಅದರ ಹಿಂದೆ ಜೋಳದ ಚೀಲ. ಮುಖದ ಜೊತೆ ಕೈಯೂ ಮೂಲೆಯೂ ಬರಬೇಕು. ನನ್ನದರಂಥ ಸಣ್ಣ ಕ್ಯಾಮೆರಾದಲ್ಲಿ ಫಿಫ್ಟಿ ಇನ್ನೂ ಬಿಗಿಯಾಗಿ ಬರೀ ಮುಖವನ್ನಷ್ಟೇ ಹಿಡಿಯುತ್ತದೆ. ಅಂಗಡಿಯಲ್ಲೇ ಅಂದಾಜು ಮಾಡೋಣ ಅಂತ ಹಿಂದೆ ಸರಿದೆ, ಇನ್ನೂ ಸರಿದೆ, ಬೆನ್ನ ಹಿಂದೆ ಟ್ರೈಪಾಡುಗಳು ಸಾಲಾಗಿ ಬಿದ್ದವು.

"ಅಮ್ಮಾರ, ಕುಂದರ್ರಿ ಮೊದಲು. ನೀರು ಕುಡೀರಿ," ಅಂದ ಅಂಗಡಿಯವ. ಆ ಮಾತಿನಲ್ಲಿ ಮರ್ಯಾದೆ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಅಂದರೆ ನನಗೆ ಬೇಕಾಗಿದ್ದದ್ದು ಜೂಮ್. ಸ್ವಲ್ಪ ಅಗಲದಿಂದ ಸ್ವಲ್ಪ ದೂರದವರೆಗೆ ಹೋಗುವ, ಇದ್ದ ಜಾಗದಲ್ಲೇ ಕೂತು ಅಳತೆ ಹೆಚ್ಚು ಕಡಿಮೆ ಮಾಡಬಹುದಾದ ನಡುವಿನ ಜೂಮ್. ನಮ್ಮ ಊರಿನ ಫೋಟೋ ಹುಚ್ಚಿನವರದೊಂದು ವಾಟ್ಸ್‌ಆ್ಯಪ್ ಗುಂಪಿದೆ, ಅಲ್ಲಿ ಕೇಳಿದೆ. ಕೇಳಬಾರದಿತ್ತು. ಅರ್ಧ ಜನ ಜೂಮ್ ಅಂದರೆ ಸೋಮಾರಿಗಳ ಸಾಮಾನು ಅಂದರು, ಇನ್ನರ್ಧ ಜನ ಅವರಿಗೆ ಉತ್ತರ ಕೊಟ್ಟರು. ಎರಡು ದಿನ ನಡೆದ ಜಗಳದಲ್ಲಿ ನನ್ನ ಪ್ರಶ್ನೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಬ್ಬರು ರಿಟೈರ್ಡ್ ಇಂಜಿನಿಯರು ಬರೆದರು, "ಮೇಡಂ, ನಿಮ್ಮ ಕಾಲೇ ನಿಮ್ಮ ಜೂಮ್. ಮುಂದೆ ಹೋಗಿ, ಹಿಂದೆ ಬನ್ನಿ." ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತು ಇದನ್ನು ಓದಿದೆ. ನೆಲದಲ್ಲಿ ಕೂತರೆ ಏಳಲು ನನಗೆ ಗೋಡೆ ಬೇಕು. "ಸರ್, ಮೈ ಫೀಟ್ ರಿಟೈರ್ಡ್ ಬಿಫೋರ್ ಮಿ," ಅಂತ ಬರೆದೆ. ಅದಕ್ಕೆ ಎಲ್ಲರೂ ನಗುವ ಮುಖ ಕಳಿಸಿದರು. ಲೆನ್ಸಿನ ಹೆಸರು ಮಾತ್ರ ಯಾರೂ ಹೇಳಲಿಲ್ಲ.

ನಾನೇ ಹುಡುಕಿ ಅಂಥದೊಂದು ಜೂಮನ್ನು ಆನ್‌ಲೈನಿನಲ್ಲಿ ತರಿಸಿದೆ. ಬಂದ ದಿನ ಡಬ್ಬಿ ಬಿಚ್ಚಿ, ಥರ್ಮಾಕೋಲ್ ತೆಗೆದು, ಕ್ಯಾಮೆರಾಗೆ ಹಚ್ಚಲು ಹೋದರೆ ಕೂಡುವುದಿಲ್ಲ. ಕಂಪನಿ ಅದೇ, ಬಾಯಿ ಬೇರೆ. ಹೊಸ ಕ್ಯಾಮೆರಾಗಳ ಬಾಯಿ ಅಗಲ ಮಾಡಿದ್ದಾರಂತೆ, ಹಳೆಯವಕ್ಕೆ ಮಾಡುವುದನ್ನೇ ನಿಲ್ಲಿಸಿದ್ದಾರಂತೆ. ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತಿದ್ದವು. ವಾಪಸ್ ಕಳಿಸಲು ಫೋನ್ ಮಾಡಿದರೆ ಒಂದು ಯಂತ್ರ, ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಅನ್ನುತ್ತಿತ್ತು. ಇಂಗ್ಲಿಷ್ ಒತ್ತಿ ನನ್ನ ಬೆಸ್ಟ್ ಕಾನ್ವೆಂಟ್ ಇಂಗ್ಲಿಷಿನಲ್ಲಿ ಬಯ್ದೆ. "ಸಾರಿ, ಐ ಡಿಡ್ ನಾಟ್ ಗೆಟ್ ದ್ಯಾಟ್," ಅಂತು ಯಂತ್ರ.

ಈ ನಡುವೆ ಅಕ್ಕನ ಫೋನು. ಅವಳಿಗೆ ಫೋನು ಹಚ್ಚಿಕೊಡುವುದು ಅವಳ ಸೊಸೆ, ಅಂಗನವಾಡಿಯಲ್ಲಿ ಕೆಲಸ ಮಾಡುವ ಚುರುಕು ಹೆಣ್ಣುಮಗಳು.

"ನಡುವಿನ ಸಾಲು ಮುಗೀತು. ಸುತ್ತಿನ ಪಟ್ಟಿ ಹಚ್ಚಾಕತ್ತೀನಿ," ಅನ್ನುವಳು ಅಕ್ಕ. "ನಿನ್ನ ಡಬ್ಬಿ ಬಂತೇನು?"

"ಬಂದದ ಅಕ್ಕ, ಕೂಡವಲ್ದು. ಸ್ವಲ್ಪ ನಿಧಾನ ಹೊಲಿ."

"ಕೂಡವಲ್ದು ಅಂದ್ರ ಏನು, ಗಂಡ ಹೆಂಡ್ತೀ ಏನು? ನಾ ನಿಧಾನನ ಹೊಲ್ಯಾಕತ್ತೀನಿ. ಕಣ್ಣಿಲ್ದ ಬೆರಳಿಲೆ ಹೊಲಿಯಾಕಿ ಇನ್ನೆಷ್ಟು ನಿಧಾನ ಹೊಲೀಲಿ?"

"ಕೊನೀ ಮೂಲಿ ಒಂದು ಬಿಡು. ನಾ ಬರೂತನ."

"ಬಿಡ್ತೀನಿ. ಆದ್ರ ಬಹಳ ದಿನ ಬಿಡಂಗಿಲ್ಲ. ಹಸದ ಕೌದಿ ಮನ್ಯಾಗ ಮಡಚಿ ಇಡಬಾರದು."

ಆ ಒಂದು ಮೂಲೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಲ್ಲುಜ್ಜುವಾಗ, ಹಾಲು ಕಾಯಿಸುವಾಗ, ಎಲ್ಲೋ ದೇವದುರ್ಗದಲ್ಲಿ ಒಂದು ಕೌದಿ ಬಾಯಿ ತೆಗೆದುಕೊಂಡು ನನಗಾಗಿ ಕಾಯುತ್ತಿದೆ ಅನ್ನಿಸುತ್ತಿತ್ತು.

ಕೊನೆಗೆ ಆ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಒಂದು ಉಪಯೋಗದ ಮಾತು ಬರೆದರು. ಮಾನ್ವಿಯಲ್ಲಿ ಒಬ್ಬ ಮದುವೆ ಫೋಟೋಗ್ರಾಫರು ಹೊಸ ಕ್ಯಾಮೆರಾ ತಗೊಂಡಿದ್ದಾರೆ, ಅವರ ಹಳೆ ಜೂಮ್ ಲೆನ್ಸು ಕೊಡುವುದಿದೆಯಂತೆ. ನನ್ನ ಕ್ಯಾಮೆರಾದ್ದೇ ಬಾಯಿ, ನಾನು ಹುಡುಕುತ್ತಿದ್ದ ಅಳತೆಯೇ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಮಾನ್ವಿಯಲ್ಲಿ ಲೆನ್ಸು ತಗೊಂಡು, ಅಲ್ಲಿಂದ ಸಿರವಾರದ ಮೂಲಕ ನೇರ ದೇವದುರ್ಗಕ್ಕೆ ಹೋಗುವ ಲೆಕ್ಕ. ಅಕ್ಕನಿಗೆ ಹೇಳಿದೆ, "ಇವತ್ತು ಬರ್ತೀನಿ, ರೊಟ್ಟಿ ಬಡದು ಇಡು."

ಮಾನ್ವಿಯ ಫೋಟೋಗ್ರಾಫರು ನಲವತ್ತರ ಆಸುಪಾಸಿನವರು, ಮಾತುಗಾರರು. ಸ್ಟುಡಿಯೋದ ಒಂದು ಗೋಡೆಗೆ ಜಲಪಾತದ ಪರದೆ, ಇನ್ನೊಂದು ಗೋಡೆಗೆ ಹೂದೋಟದ ಪರದೆ. ಕಪಾಟಿನಿಂದ ಲೆನ್ಸು ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

"ಲಕ್ಷ್ಮಿ ಇದ್ದಂಗರಿ ಮೇಡಂ ಇದು. ಇದರ ಮ್ಯಾಲ ಈ ತಾಲೂಕಿನ ಎಷ್ಟು ಅಕ್ಕಿಕಾಳು ಬಿದ್ದಾವ ಲೆಕ್ಕ ಇಲ್ಲ. ನನ್ನ ಮನಿ ಕಟ್ಟಿಸಿದ್ದ ಈ ಲೆನ್ಸು."

ಲೆನ್ಸಿನ ಮುಚ್ಚಳದ ಮೇಲೆ ನಡುವಿಗೆ ಕುಂಕುಮದ ಬೊಟ್ಟು, ಸುತ್ತ ಮೂರು ಗೆರೆ ವಿಭೂತಿ. ಒರೆಸಿದರೆ ಹೋಗುತ್ತದೆ ಅಂದುಕೊಂಡೆ. ಜೂಮ್ ತಿರುಗಿಸುವ ಬಳೆ ಹಿಡಿದು ತಿರುವಿದೆ. ಕರ್ ಕರ್ ಅಂತು. ಬೀಸುಕಲ್ಲಿನಲ್ಲಿ ಹೆಸರುಕಾಳು ಒಡೆದ ಹಾಗೆ.

"ಇದೇನಿದು?"

"ಅದಾ? ಏನಿಲ್ಲರೀ. ದಸರಾದಾಗ ಖಂಡೇ ಪೂಜಿಗೆ ವರ್ಷಾ ಎಲ್ಲಾ ಸಾಮಾನಿಗೂ ಇಬತ್ತಿ ಹಚ್ಚತೀವಲ್ಲರಿ. ಕ್ಯಾಮೆರಾ, ಲೆನ್ಸು, ಲೈಟು, ಗಾಡಿ. ಜರಾ ಒಳಗ ಹೋಗಿರಬೇಕು."

"ಲೆನ್ಸಿಗೆ ವಿಭೂತಿ ಹಚ್ಚುತ್ತೀರಾ? ದಟ್ಸ್ ಪೌಡರ್! ಬೂದಿ! ಗಾಜಿನ ಯಂತ್ರಕ್ಕೆ ಬೂದಿ!"

"ಹಚ್ಚಲಿಲ್ಲಂದ್ರ ಹೆಂಗರಿ ಮೇಡಂ? ಹೊಟ್ಟಿಗೆ ಹಾಕೋದು ಅದ. ಅದಕ್ಕ ಹಚ್ಚದ ಮನಿಗೆ ಹೋಗಿ ಉಣ್ಣಲಿ ಹೆಂಗ? ದೇವರದ್ದು, ಏನೂ ಆಗಂಗಿಲ್ಲ ಬಿಡ್ರಿ."

"ಇಬತ್ತಿ ದೇವರದ್ದು ಸರಿ. ಗ್ಲಾಸು ಜಪಾನಿನದು," ಅಂದೆ.

ಅವರು ಮನಸಾರೆ ನಕ್ಕರು. ನನಗೆ ನಗು ಬರಲಿಲ್ಲ. ಬೇಡ ಅಂತ ಹೇಳಿ ಬಸ್‌ಸ್ಟ್ಯಾಂಡಿಗೆ ಹೋಗುವುದೇ ಸರಿಯಾಗಿತ್ತು. ಆದರೆ ಕ್ಯಾಮೆರಾಗೆ ಹಚ್ಚಿ ಒಮ್ಮೆ ನೋಡೋಣ ಅಂತ ನೋಡಿದೆ. ಜಲಪಾತದ ಪರದೆಯ ಮುಂದೆ ಅವರನ್ನೇ ಸ್ಟೂಲಿನ ಮೇಲೆ ಕೂಡಿಸಿದೆ. ಸ್ವಲ್ಪ ತಿರುವಿದರೆ ಮುಖ, ಮೀಸೆ, ಅಂಗಿಯ ಗುಂಡಿ, ಮಡಿಲಲ್ಲಿಟ್ಟ ಕೈ. ಮೂಗು ಮೂಗಿನಷ್ಟೇ ಇತ್ತು. ಮಾತಾಡುತ್ತ ಮಾತಾಡುತ್ತ ತೆಗೆಯಬಹುದಾದ ದೂರ. ಇಷ್ಟು ತಿಂಗಳು ನಾನು ಹುಡುಕುತ್ತಿದ್ದದ್ದು ಇದೇ. ಬಣ್ಣ ಚೂರು ಹಳದಿಗೆ ತಿರುಗಿತ್ತು, ಯಾರಿಗೆ ಬೇಕು.

"ಒಯ್ದು ನೋಡ್ರಿ," ಅಂದರು. "ಮನಸಿಗೆ ಬಂದ್ರ ಇಟ್ಕೊಳ್ರಿ, ಇಲ್ಲಂದ್ರ ತಂದು ಕೊಡ್ರಿ. ನೀವೇನು ಓಡಿ ಹೋಗೋರಲ್ಲ." ನನ್ನ ಮೊಣಕಾಲು ನೋಡಿಯೇ ಹೇಳಿರಬೇಕು.

ದೇವದುರ್ಗದ ಬಸ್ಸಿನಲ್ಲಿ ಬ್ಯಾಗನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಅಲ್ಲಲ್ಲಿ ರಸ್ತೆ ಅಗೆದು ಹಾಕಿದ್ದರು. ಧೂಳು ಒಳಗೆ ಬಂದಾಗಲೆಲ್ಲ ಸೆರಗು ಮುಖಕ್ಕೆ ಹಾಕಿಕೊಳ್ಳದೆ ಬ್ಯಾಗಿಗೆ ಹಾಕಿದೆ. ಪಕ್ಕದ ಹೆಣ್ಣುಮಗಳು, "ಏನ್ ಅದರೀ ಯವ್ವಾ ಅದರಾಗ, ಮರಿ ಏನು?" ಅಂತ ಕೇಳಿದಳು.

ಅಕ್ಕನ ಮನೆ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಾಗಿಲಿನಿಂದ ಬಿಸಿಲು ಅಡ್ಡವಾಗಿ ಬಂದು ಬುದ್ಧನ ಕ್ಯಾಲೆಂಡರಿನ ಕೆಳಗಿನ ಗೋಡೆಗೆ ಬಡಿದು ಕೋಣೆಯೆಲ್ಲ ಹದವಾದ ಬೆಳಕು. ಕೌದಿ ಹಾಸಿತ್ತು. ಅದರ ಅಂಚಿನಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ರೊಟ್ಟಿ, ಅರಿಷಿಣ ಕೊಂಬು. ನಾನು ಮನಸ್ಸಿನಲ್ಲಿ ಎಷ್ಟೋ ಸಲ ತೆಗೆದ ಫೋಟೋ ನೆಲದ ಮೇಲೆ ತಯಾರಾಗಿ ಕೂತಿತ್ತು.

"ಬಂದೇನ ಬೇ? ಕೈಕಾಲು ತೊಳಕೋ."

"ಬೆಳಕು ಹೋಗ್ತದ ಅಕ್ಕ, ಮೊದಲು ಇದು," ಅಂತ ಜೋಳದ ಚೀಲದ ಮೇಲೆ ಕೂತೆ. ಕ್ಯಾಮೆರಾ ತೆಗೆದೆ. ಕಣ್ಣಿಗೆ ಹಚ್ಚಿದೆ. ಲೆನ್ಸು ಬಸ್ಸಿನ ಕುಲುಕಾಟಕ್ಕೆ ಉದ್ದದ ತುದಿಗೆ ಹೋಗಿತ್ತು, ಅಕ್ಕನ ಕಿವಿಯೊಂದೇ ಕಾಣುತ್ತಿತ್ತು. ಅಗಲದ ಕಡೆ ತಿರುವಿದೆ. ಕರ್ ಅಂತು, ನಿಂತಿತು. ಇನ್ನೊಮ್ಮೆ ತಿರುವಿದೆ. ಅಲುಗಾಡಲಿಲ್ಲ. ಸೆರಗಿನಿಂದ ಹಿಡಿದು ತಿರುವಿದೆ. ಮಾನ್ವಿಯ ಇಬತ್ತಿ, ಸಿರವಾರದ ಧೂಳು ಎರಡೂ ಸೇರಿ ಒಳಗೆ ಗಾರೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು.

"ಓ ಫಾರ್ ಹೆವನ್ಸ್ ಸೇಕ್!"

"ಯಾರಿಗೆ ಬಯ್ಯಾಕತ್ತಿ?" ಅಂದಳು ಅಕ್ಕ.

"ಇದಕ್ಕ."

"ಅದನ್ನ ಬಿಡು. ಬಾ ಇಲ್ಲಿ, ಕುಂದ್ರು. ರೊಟ್ಟಿ ಇಡು."

"ನಾನಾ? ನೀ ಇಟ್ಟು ಹೊಲಿ ಅಕ್ಕ, ನಾ ಫೋಟೋ ತೆಗೀಬೇಕು."

ಅಕ್ಕ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಹೊಲಿಯಾಕಿ ತಾನ ಉಣಸ್ತಾಳೇನು? ಉಣಸಾಕಿ ಬ್ಯಾರೆ ಇರಬೇಕು. ಅದೂ ತವರು ಮನಿಯಾಕಿ. ಅವ್ವ ಇರೂತನ ಅವ್ವ ಇಟ್ಟಳು, ಆಮ್ಯಾಲ ಅವ್ವನ ತಂಗಿ ಸಣ್ಣವ್ವ. ಈಗ ತವರು ಅಂತ ಉಳದಾಕಿ ನೀನ. ಇಲ್ಲಂದ್ರ ಮೂಲಿ ಬಿಟ್ಟುಕೊಂಡು ನಿನ್ನ ದಾರಿ ಯಾಕ ಕಾಯ್ತಿದ್ದೆ? ಫೋಟೋಕ್ಕಂತ ತಿಳದೀ?"

ನಾನು ಹಾಗೇ ತಿಳಿದಿದ್ದೆ. ಅವ್ವ ಆ ರೊಟ್ಟಿ ಇಡುವುದನ್ನು ಸಣ್ಣವಳಿದ್ದಾಗ ಎಷ್ಟೋ ಸಲ ನೋಡಿದ್ದರೂ ಅದು ಅವ್ವನ ಕೈಯೇ ಯಾಕೆ ಅಂತ ಕೇಳಿರಲಿಲ್ಲ. ಇಷ್ಟು ತಿಂಗಳು ದೂರದ ಲೆಕ್ಕ ಹಾಕಿದ್ದೆ, ಅಕ್ಕ ಇಲ್ಲಿ, ನಾನು ಅಲ್ಲಿ, ನಡುವೆ ಇಷ್ಟು ಜಾಗ, ಅದಕ್ಕೆ ಇಂಥ ಲೆನ್ಸು ಅಂತ. ನನ್ನ ಜಾಗ ಎದುರಿಗಲ್ಲ, ಪಕ್ಕದಲ್ಲಿ ಅನ್ನುವುದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಆದರೂ ಫೋಟೋ ಬಿಡಲು ಮನಸ್ಸಿಲ್ಲ. ಸೊಸೆಯನ್ನು ಕರೆದೆ. "ಈ ಗುಂಡಿ ಒತ್ತಬೇಕು, ಅಷ್ಟೇ. ಇಲ್ಲೇ ಬಾಗಿಲ ಹತ್ತಿರ ನಿಂತು ನಮ್ಮ ಮುಖ, ಕೈ ತೆಗಿ. ಬೇರೆ ಏನೂ ಬೇಡ." ವೈಡ್ ಲೆನ್ಸು ಹಾಕಿಕೊಡಬಹುದಿತ್ತು, ಸಿಟ್ಟಿನಲ್ಲಿ ತಲೆಗೆ ಹೊಳೆಯಲಿಲ್ಲ. ಗೋಡೆ ಹಿಡಿದು ನೆಲಕ್ಕೆ ಇಳಿದೆ. ರೊಟ್ಟಿ ಮುರಿದು, ಕೊಂಬಿನ ಜೊತೆ ತೆರೆದ ಮೂಲೆಯೊಳಗೆ ಇಟ್ಟು, ಮೇಲಿನ ತುಂಡನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಅಕ್ಕ ನನ್ನ ಬೆರಳನ್ನು ತಡವಿ, ಅದರ ಅಂಚಿಗೆ ಸೂಜಿ ಚುಚ್ಚಿದಳು.

ಬಾಗಿಲಿನಿಂದ ಸೊಸೆ, "ಸಣ್ಣತ್ತೀ, ಕಾಲು ಬರವಲ್ಲವು," ಅಂದಳು.

"ಕಾಲು ಬೇಡ."

"ಕಾಲಿಲ್ಲದ ಫೋಟೋ ಏನ್ ಚಂದ್ರೀ? ಅರ್ಧಾ ಕಡದಂಗ. ಅತ್ತೀದು ಪಾದ ಬರಲಿ, ತಡೀರಿ." ಒಂದು ಹೆಜ್ಜೆ ಹಿಂದೆ ಸರಿದಳು. ಲೆನ್ಸು ಉದ್ದದ ತುದಿಗೆ ಕಚ್ಚಿಕೊಂಡಿತ್ತಲ್ಲ, ಎಷ್ಟು ಸರಿದರೂ ಸಾಲದು. ಹೊಸ್ತಿಲು ದಾಟಿದಳು.

"ಸಾಕು, ಅಲ್ಲೇ ನಿಲ್ಲು!"

"ನಿಮ್ಮವು ಬಂದವು ಸಣ್ಣತ್ತೀ, ಅತ್ತೀವು ಇನ್ನೂ ಬರವಲ್ಲವು!" ದನಿ ಅಂಗಳದಿಂದ ಬಂತು.

"ಸ್ಟಾಪ್ ದೇರ್!"

"ಆಂ? ಏನಂತೀರಿ?"

ಏಳೋಣ ಅಂದರೆ ಗೋಡೆ ದೂರ, ತಿರುಗೋಣ ಅಂದರೆ ಅಕ್ಕ, "ಅಲುಗಾಡಬ್ಯಾಡ, ಬೆರಳಾಗ ಸೂಜಿ ಹೊಕ್ಕೀತು," ಅಂತ ಗದರಿದಳು. ಆಕೆಯ ಹಣೆ ನನ್ನ ಹಣೆಗೆ ತಾಗುವಷ್ಟು ಹತ್ತಿರ ಇತ್ತು. ಹೊಲಿಗೆ ಹಾಕುವಾಗ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾಳೆ ಅನ್ನುವುದು ನನಗೆ ಆವತ್ತೇ ಗೊತ್ತಾದದ್ದು. ಹೊರಗೆ ಕ್ಯಾಮೆರಾ ಕ್ಲಿಕ್ ಅಂತು. ಅಕ್ಕ ದಾರ ಕಡಿದಳು. ಮುಗಿಯಿತು.

ಕ್ಯಾಮೆರಾ ಕೈಗೆ ಬಂದಾಗ ನೋಡಿದೆ. ಅಂಗಳದ ಹಗ್ಗದ ಮೇಲೆ ಒಣಗಲು ಹಾಕಿದ್ದ ಅಕ್ಕನ ಮೊಮ್ಮಗಳ ಫ್ರಾಕು, ಅದರ ಒಂದೊಂದು ಎಳೆಯೂ ಕಾಣುವಷ್ಟು ಶಾರ್ಪ್. ಅದರ ಹಿಂದೆ ಬಾಗಿಲೊಳಗೆ ಎರಡು ಮಬ್ಬು ಆಕಾರ. ನಾವು. ಪಾದ ಸಮೇತ.

"ಇನ್ನೊಮ್ಮೆ ಮಾಡೋಣ ಅಕ್ಕ," ಅಂದೆ.

"ಏನು?"

"ಆ ಮೂಲೆ ಬಿಚ್ಚಿ, ಮತ್ತೊಮ್ಮೆ ಹೊಲಿ. ನಾಲ್ಕು ಹೊಲಿಗೆ ಅಷ್ಟೇ."

"ಉಂಡ ಹೊಟ್ಟಿ ಕೊಯ್ತೀಯೇನ? ಎಷ್ಟು ಓದಿದಾಕಿ ಬೇ ನೀನು!"

ಆಗ ನನ್ನ ಬಾಯಿ ಬಿಚ್ಚಿತು. ಲೆನ್ಸಿಗೆ, ಇಬತ್ತಿಗೆ, ಯಂತ್ರದ ದನಿಗೆ, ಸಾಫ್ ಮುಖದ ಅಂಗಡಿಯವನಿಗೆ, ಕಾಲಿನ ಚಿಂತೆ ಮಾಡಿದ ಸೊಸೆಗೆ, ಎಲ್ಲರಿಗೂ ಎರಡೂ ಭಾಷೆಯಲ್ಲಿ ಬಯ್ದೆ. ಪಾಪ, ಸೊಸೆ ಚಹಾ ಇಡುವ ನೆಪದಲ್ಲಿ ಒಳಗೆ ಹೋದಳು. ಅಕ್ಕ ನಾನು ದಣಿಯುವತನಕ ಕೇಳಿದಳು.

"ತಾ ಇಲ್ಲಿ, ನೋಡೂನು," ಅಂದಳು. ಕ್ಯಾಮೆರಾದ ಪರದೆಯನ್ನು ಮೂಗಿನ ಹತ್ತಿರ ಹಿಡಿದಳು, ಆಮೇಲೆ ಕೈ ಉದ್ದ ಮಾಡಿ ಹಿಡಿದಳು, ಓರೆ ಮಾಡಿದಳು. "ಇವು ನಾವ ಏನು?"

"ಹೂಂ. ಮಸುಕಾಗ್ಯದ. ಹಾಳಾಗ್ಯದ."

"ಮಸುಕು ಅಂದ್ರ? ನನಗ ಎಲ್ಲಾರೂ ಹಿಂಗ ಕಾಣ್ತಾರ." ಪರದೆಯ ಮೇಲೆ ಬೆರಳಿಟ್ಟಳು. "ಇದು ನಾನು, ಇದು ನೀನು. ಮತ್ತ ನಿನ್ನ ಲೆನ್ಸು ಬರೋಬ್ಬರಿ ಇದ್ದಿದ್ರ ಹೆಂಗ ಕಾಣ್ತಿತ್ತು?"

"ನಿನಗಾ?"

"ನನಗ."

ಹೀಗೇ ಕಾಣುತ್ತಿತ್ತು. ಜಪಾನಿನ ಗಾಜಾಗಲಿ ಮಾನ್ವಿಯ ಇಬತ್ತಿಯಾಗಲಿ, ಈ ಕಣ್ಣಿಗೆ ಏನೂ ವ್ಯತ್ಯಾಸ ಇರುತ್ತಿರಲಿಲ್ಲ. "ನನಗ ಬೇಕಾಗಿತ್ತು ಅಕ್ಕ," ಅಂದೆ. "ನಾ ನೋಡಾಕ."

"ನೀ ನೋಡಾಕ ನಿನಗ ಕಣ್ಣು ಅದಾವಲ್ಲ," ಅಂದಳು. ತಮಾಷೆಗೆ ಹೇಳಿದಳೋ ಸಿಟ್ಟಿಗೆ ಹೇಳಿದಳೋ ಈಗಲೂ ನನಗೆ ತಿಳಿದಿಲ್ಲ.

ಲೆನ್ಸನ್ನು ಮರುದಿನ ಮಾನ್ವಿಯಲ್ಲಿ ಇಳಿದು ವಾಪಸ್ ಕೊಟ್ಟೆ. ಆ ಫೋಟೋಗ್ರಾಫರಿಗೆ ನಿಜವಾಗಿಯೂ ಬೇಜಾರಾಯಿತು. ಹೈದರಾಬಾದಿಗೆ ಕಳಿಸಿ ತೊಳೆಸಿ ಕೊಡುತ್ತೇನೆ ಅಂದರು. ಬೇಡ ಅಂದೆ. ನಡುವಿನ ಲೆನ್ಸು ಇವತ್ತಿಗೂ ನನ್ನ ಹತ್ತಿರ ಇಲ್ಲ, ಗುಂಪಿನವರು ಈಗಲೂ ಹೆಸರುಗಳನ್ನು ಕಳಿಸುತ್ತಾರೆ, ಓದಿದಾಗಲೆಲ್ಲ ಹಲ್ಲು ಕಚ್ಚುತ್ತೇನೆ. ಆ ಫ್ರಾಕಿನ ಫೋಟೋ ಅಳಿಸಿಲ್ಲ, ಯಾರಿಗೂ ತೋರಿಸಿಯೂ ಇಲ್ಲ.

ಆದರೆ ಆ ಸಂಜೆ, ಚಹಾ ಕುಡಿದ ಮೇಲೆ, ಅಕ್ಕ ನನ್ನನ್ನು ಮತ್ತೆ ಕೌದಿಯ ಹತ್ತಿರ ಕರೆದಳು. "ಬೆರಳಿಲೆ ಹೊಲದದ್ದು. ಎಲ್ಲೆಲ್ಲಿ ತಪ್ಪೇನಿ ಹೇಳು. ಖರೇ ಹೇಳು, ಮುಖ ನೋಡಿ ಹೇಳಬ್ಯಾಡ."

ಬೆಳಕು ಇನ್ನೂ ಸ್ವಲ್ಪ ಇತ್ತು. ಬಾಗಿಲ ಕಡೆಯ ಅಂಚಿನಿಂದ ಶುರು ಮಾಡಿದೆ. ಮೊಣಕಾಲು ನೋವಾಗುತ್ತಿತ್ತು, ಕನ್ನಡಕ ಜಾರುತ್ತಿತ್ತು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಬೇಕಾಯಿತು. ಮೊದಲ ಸಾಲುಗಳು ಗೆರೆ ಎಳೆದ ಹಾಗಿದ್ದವು, ಹಾಗೇ ಹೇಳಿದೆ. ನಡುವಿಗೆ ಬಂದಾಗ ಒಂದು ಹಸಿರು ತುಂಡಿನ ಹತ್ತಿರ ಹೊಲಿಗೆ ಅಂಚು ಬಿಟ್ಟು ಆಚೆ ಹೋಗಿತ್ತು.

"ಇಲ್ಲಿ ಡೊಂಕಾಗ್ಯದ," ಅಂದೆ.

"ಎಷ್ಟು?"

ಆಕೆಯ ಬೆರಳು ಹಿಡಿದು ಅದರ ಮೇಲೆ ಓಡಿಸಿದೆ. ಅಕ್ಕ ಇನ್ನೊಮ್ಮೆ ತಾನೇ ಓಡಿಸಿದಳು.

"ಬಿಚ್ಚಲೇನು?" ಅಂದೆ.

"ಇರಲಿ ಬಿಡು. ಮುಂದಿಂದು ನೋಡು."

ಮುಂದಿನ ಸಾಲಿಗೆ ಸರಿದೆ.